ಕಾವಲಿಲ್ಲದ ಖೋರ್ – ೭: ಖಾಲಿ ಚಾಪೆ

"ಹುಟ್ಟು ಮೇಲೆ ತೆಗೀರಿ ಅಕ್ಕಾ. ನೀರು ನಿಂತಿತು," ಎಂದ ಯಾಕೂಬಣ್ಣ, ನನ್ನ ಬೆನ್ನ ಹಿಂದಿನಿಂದ.

ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟೆ. ಭರತ ತುಂಬಿ ಇಳಿತ ಇನ್ನೂ ಶುರುವಾಗದ ಹೊತ್ತು. ಬೆಳಗಿನ ಏಳು ಗಂಟೆ. ಮಂಜು ಎಷ್ಟು ದಪ್ಪವೆಂದರೆ ನಾವು ಕೂತಿದ್ದ ಕಯಾಕಿನ ಮೂತಿಯೇ ನನಗೆ ಕಾಣುತ್ತಿರಲಿಲ್ಲ. ಎರಡೂ ಕಡೆ ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳಿವೆ ಎಂಬುದು ಕೊಂಬೆ ಬಂದು ಕೆನ್ನೆಗೆ ತಾಗಿದಾಗಷ್ಟೇ ಗೊತ್ತಾಗುತ್ತಿತ್ತು.

"ಇದೇ ಎಡದ ಕವಲಾ?"

"ಇದೇ. ಭರತದ ಎರಡು ಗಂಟೆ ಮಾತ್ರ ಇದರೊಳಗೆ ದೋಣಿ ಬರ್ತದೆ. ಮತ್ತೆ ಬರೀ ಕೆಸರು. ಪೊಲೀಸ್ ಬೋಟು ಬಂದದ್ದು ನಿನ್ನೆ ಮಧ್ಯಾಹ್ನ, ಇಳಿತದಲ್ಲಿ. ಅವರಿಗೆ ಎಂತ ಸಿಕ್ಕೀತು, ಮಣ್ಣಾಂಗಟ್ಟಿ!"

ಮಂಗಳವಾರ ಬೆಳಿಗ್ಗೆ ಇಂಥದ್ದೇ ಮಂಜಿನಲ್ಲಿ ಏಳು ಮಂದಿಯ ಸಾಲಿನ ಕೊನೆಯವನಾಗಿ ಇಲ್ಲಿಯವರು ಖೋರ್ ಎನ್ನುವ ಈ ಹಿನ್ನೀರಿಗೆ ಇಳಿದ ಪೃಥ್ವಿರಾಜ್ ಮರಳಿ ಬಂದಿರಲಿಲ್ಲ. ಅವರನ್ನು ಕರೆದೊಯ್ದ ಗೈಡ್ ನಿಝಾಮ್ ಪೊಲೀಸರ ವಶದಲ್ಲಿದ್ದ. ಇವತ್ತು ಗುರುವಾರ. ಸಂಜೆ ನಾಲ್ಕಕ್ಕೆ ನನ್ನ ವರದಿ ಹೋಗಬೇಕು.

ನೀರಿನ ಮೇಲೆ ಅಪಘಾತವಾದರೆ ತಪ್ಪು ಯಾರದ್ದೆಂದು ವಿಮಾ ಕಂಪನಿಗೆ ಬರೆದುಕೊಡುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷವಾಯಿತು. ಈ ಸಲ ಅವರಿಗೆ ಬೇಕಾದ ಉತ್ತರ ಮೊದಲೇ ಸಿದ್ಧವಿದೆ: ಗೈಡ್‌ನ ಅಲಕ್ಷ್ಯ. ರಾಜೀವಿ ಎಂದು ಕೆಳಗೆ ನಾನು ಸಹಿ ಹಾಕಿದರೆ ಸಾಕು, ನಿಝಾಮ್ ಜೈಲಿಗೆ. ಹಾಕದಿದ್ದರೆ ಯಾಕೆ ಹಾಕಲಿಲ್ಲ ಎಂದು ತೋರಿಸಬೇಕು. ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಅಬುಧಾಬಿಯ ಇನ್ನೊಂದು ಮಗ್ಗುಲಿನ ಕಾಂಡ್ಲಾ ಕಾಡಿಗೆ ಬೇಲಿಯಿದೆ, ಕಾವಲುಗಾರರಿದ್ದಾರೆ. ಉತ್ತರದ ಈ ಹಿನ್ನೀರಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ಇದಕ್ಕೂ ಒಂದು ಬೇಲಿ ಬರಲಿ ಎಂದು ಪೃಥ್ವಿ ಆರು ತಿಂಗಳಿಂದ ಇಲ್ಲಿನ ಗಿಡ, ಹಕ್ಕಿಗಳನ್ನು ಎಣಿಸುತ್ತಿದ್ದ. ವಾರದ ದಿನಗಳಲ್ಲಿ ದುಬೈನ ಜುಮೇರಾ ಲೇಕ್ ಟವರ್ಸ್‌ನ ಗಾಜಿನ ಆಫೀಸಿನಲ್ಲಿ ಕೂತಿರುತ್ತಿದ್ದವನು ರಜೆ ಹಾಕಿ ಬಂದು ಕೆಸರು ಮೆತ್ತಿಕೊಳ್ಳುತ್ತಿದ್ದ.

"ಒಂದು ಹಕ್ಕಿಯಾದರೂ ಕೂಗಬಾರದಾ ಯಾಕೂಬಣ್ಣ?"

"ಅದೇ ನಾನೂ ನೋಡ್ತಾ ಇದ್ದೇನೆ," ಎಂದ ಅವನು ಮೆಲ್ಲಗೆ. ಉಳ್ಳಾಲದವನು, ಮೂವತ್ತು ವರ್ಷದಿಂದ ಅಲ್ ಮೀನಾ ಬಂದರಿನ ಬೋಟುಗಳಲ್ಲಿ ದುಡಿದವನು. ಅವನ ಸ್ವರ ಇಳಿದದ್ದನ್ನು ನಾನು ಮೊದಲ ಸಲ ಕೇಳಿದೆ.

ಕಯಾಕಿನ ಮೂತಿ ಯಾವುದಕ್ಕೋ ಬಡಿಯಿತು. ಟೊಳ್ಳು ಸದ್ದು. ನಾನು ಮುಂದೆ ಬಗ್ಗಿ ಕೈ ಚಾಚಿದೆ. ತಣ್ಣಗೆ, ನುಣ್ಣಗೆ ಪ್ಲಾಸ್ಟಿಕ್.

ಹಳದಿ ಕಯಾಕ್. ಪೃಥ್ವಿಯ ಸ್ವಂತದ್ದು.

ಮಗುಚಿರಲಿಲ್ಲ. ಕೂರುವ ಜಾಗದಲ್ಲಿ ಲೈಫ್ ಜಾಕೆಟ್ ಮಡಚಿ ಇಟ್ಟಿತ್ತು, ಇಸ್ತ್ರಿ ಅಂಗಡಿಯಿಂದ ಬಂದ ಅಂಗಿಯ ಹಾಗೆ. ಅದರ ಮೇಲೆ ಅವನ ಟೊಪ್ಪಿ. ಮುಂದಿನ ಹಗ್ಗವನ್ನು ಒಂದು ಗಟ್ಟಿ ಕೊಂಬೆಗೆ ಎರಡು ಸುತ್ತು ಸುತ್ತಿ ಬಿಗಿದಿತ್ತು.

ಮುಳುಗುವವನು ಜಾಕೆಟ್ ಮಡಚಿಡುವುದಿಲ್ಲ. ದೋಣಿ ಕಟ್ಟಿಡುವುದೂ ಇಲ್ಲ.

ಯಾಕೂಬಣ್ಣ ಗಂಟನ್ನು ಮುಟ್ಟದೆ ನೋಡಿದ. "ಅಕ್ಕಾ, ಇದು ನಮ್ಮ ಕಡೆಯ ಗಂಟು."

"ಅಂದ್ರೆ?"

"ಊರಲ್ಲಿ ದೋಣಿಯವರು ಹಾಕುದು. ನಿಝಾಮನಿಗೆ ಬರ್ತದೆ. ನನಗೆ ಬರ್ತದೆ. ನಿಮ್ಮಪ್ಪ ಬೋಟು ನಡೆಸುವ ತಾಂಡೇಲ ಅಲ್ವಾ, ನಿಮಗೂ ಬರ್ತದೆ." ಹಗ್ಗದಿಂದ ಕಣ್ಣು ತೆಗೆಯದೆ, "ಪೃಥ್ವಿಗೆ ಬರುದಿಲ್ಲ. ನಾನೇ ಕಲಿಸ್ಲಿಕ್ಕೆ ನೋಡಿ ಸೋತು ಬಿಟ್ಟವ," ಎಂದ.

ನಾನು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಮಂಜಿನೊಳಗೆ ಕೂಗಿದೆ. "ಪೃಥ್ವೀ!"

"ಬೇಡ ಅಕ್ಕಾ."

"ಸುಮ್ಮನಿರಿ ನೀವು." ಮತ್ತೆ ಎರಡು ಸಲ ಕೂಗಿದೆ. ಮೂರೂ ಸಲ ನನ್ನ ಸ್ವರ ಎಲ್ಲಿಗೂ ಹೋಗದೆ ಮುಖದ ಎದುರೇ ಸತ್ತುಹೋಯಿತು.

ಪೊಲೀಸರಿಗೆ ಫೋನ್ ಮಾಡಿದೆವು. ಯಾಕೂಬಣ್ಣ ನನ್ನನ್ನು ದಡಕ್ಕೆ ಮುಟ್ಟಿಸಿ, ಅವರಿಗೆ ಜಾಗ ತೋರಿಸಲು ಅಲ್ಲೇ ಉಳಿದ. ಹೊರಡುವಾಗ ನಾನು ದಡದ ಮೇಲಿನ ಚಾಪೆಯನ್ನು ಇನ್ನೊಮ್ಮೆ ನೋಡಿದೆ. ನೀಲಿ ಪ್ಲಾಸ್ಟಿಕ್ ಚಾಪೆ, ಖಾಲಿ. ನಿಝಾಮನ ಬದುಕು ಮುಗ್ಗರಿಸಿದ್ದು ಇದರ ಮೇಲೆಯೇ.

*

ಹಿಂದಿನ ಸಂಜೆ ಠಾಣೆಯಲ್ಲಿ ನಿಝಾಮ್ ನನ್ನ ಮುಖ ನೋಡದೆ ಮಾತಾಡಿದ್ದ. ಪಕ್ಕದ ಕುರ್ಚಿಯಲ್ಲಿ ಅವನ ಹೆಂಡತಿ ನಾಫಿಯಾ, ತುಂಬಿದ ಎಂಟು ತಿಂಗಳು, ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು.

"ಮಂಜಲ್ಲಿ ತಲೆ ಎಣಿಸಿದ್ರೆ ತಪ್ತದೆ ಮೇಡಂ. ಅದಕ್ಕೆ ನಾನು ಚಪ್ಪಲಿ ಎಣಿಸುದು. ಎಲ್ಲರೂ ಚಾಪೆ ಮೇಲೆ ಚಪ್ಪಲಿ ಬಿಟ್ಟು ನೀರಿಗೆ ಇಳೀಬೇಕು, ಬಂದವರು ಅವರವರದ್ದು ಹಾಕ್ಕೊಂಡು ಹೋಗ್ಬೇಕು. ಚಾಪೆ ಖಾಲಿ ಆದ್ರೆ ಎಲ್ಲರೂ ಬಂದ ಹಾಗೆ. ನಾಲ್ಕು ವರ್ಷ ಹೀಗೇ ಮಾಡಿದ್ದು. ಒಂದು ಸಲವೂ ತಪ್ಪಲಿಲ್ಲ. ಚಪ್ಪಲಿ ತಾನಾಗಿ ನಡೆಯುದಿಲ್ಲ ಅಲ್ವಾ?"

"ಮಂಗಳವಾರ ಖಾಲಿ ಇತ್ತಾ?"

"ಖಾಲಿ. ಪೃಥ್ವಿ ಸರ್‌ದೂ ಇರ್ಲಿಲ್ಲ. ಅವರು ಯಾವಾಗ್ಲೂ ಮೋಹನದಾಸ್ ಸರ್ ಪಿಕಪ್‌ನಲ್ಲೇ ಬರುದು ಹೋಗುದು, ಕಯಾಕ್ ಸಮೇತ. ಹೋದ್ರು ಅಂದ್ಕೊಂಡೆ. 'ಎಲ್ಲರೂ ಮರಳಿದ್ದಾರೆ' ಅಂತ ಸಹಿ ಹಾಕಿದೆ."

ಆ ಸಹಿಯೇ ಈಗ ಅವನ ಕೊರಳಿಗೆ ಬಿದ್ದಿತ್ತು.

"ನಿನ್ನ ಮಾಲೀಕ ಮೋಹನದಾಸ್ ಹೇಳುವುದು ಬೇರೆ," ಎಂದೆ. "ಐದೂವರೆಗೆ ಪೃಥ್ವಿಯನ್ನು ದಡದಲ್ಲಿ ಇಳಿಸಿ, ದೋಣಿ ನೀರಿಗಿಳಿಯುವ ಮೊದಲೇ ಮೀನಾ ಮಾರ್ಕೆಟ್ಟಿಗೆ ಮೀನು ತರಲು ಹೋದೆ, ಮತ್ತೆ ಆ ಕಡೆ ತಲೆ ಹಾಕಲಿಲ್ಲ ಅಂತ."

"ಹೋದದ್ದು ಹೌದು. ನಾನೇ ನೋಡಿದ್ದೇನೆ. ಅವರು ಹೋದ ಮೇಲೆಯೇ ಪೃಥ್ವಿ ಸರ್ ಚಪ್ಪಲಿಯ ಬಾರು ಕಿತ್ತು ಹೋದದ್ದು. ಬಲದ ಕಾಲಿಂದು. ಆರು ಗಂಟೆಗೆ ನಾನು ಬಲೆಯ ಹಸಿರು ನೂಲಲ್ಲಿ ಮೂರು ಹೊಲಿಗೆ ಹಾಕಿ ಕೊಟ್ಟೆ. ಮತ್ತೆ ಚಾಪೆ ಮೇಲೆ ಬಿಟ್ಟು ಇಳಿದ್ರು."

ನಾಫಿಯಾಳ ಕಡೆ ಒಮ್ಮೆ ನೋಡಿ ಅವನು ಮುಂದುವರಿಸಿದ.

"ಇನ್ನೊಂದು ಉಂಟು ಮೇಡಂ. ಕವಲಿನ ಹತ್ತಿರ ಯಾರೋ ನನ್ನ ಹೆಸರು ಹಿಡಿದು ಕರೆದ್ರು. ಎಡಗಡೆಯಿಂದ. ಪೃಥ್ವಿ ಸರ್ ಸ್ವರದ ಹಾಗೆಯೇ ಇತ್ತು. ನನ್ನ ಹಿಂದಿನ ಕಯಾಕಿನಲ್ಲಿದ್ದ ಶೆರಿಲ್ ಮೇಡಂಗೂ ಕೇಳಿದೆ."

"ನೀನೇನು ಮಾಡಿದೆ?"

"ಒಂದೇ ಸಲ ಕರೆದದ್ದು." ಅವನ ಕಣ್ಣು ತುಂಬಿತು. "ನೀರಿನ ಮೇಲೆ ಒಂದು ಸಲ ಕರೆದ್ರೆ ಓಗೊಡ್ಬಾರ್ದು, ಮೂರು ಸಲ ಕರೆದ್ರೆ ಮಾತ್ರ ಮನುಷ್ಯ ಅಂತ ನಮ್ಮ ಅಜ್ಜಿ ಹೇಳ್ತಿದ್ರು. ನಾನು ಎರಡನೇ ಕರೆಗೆ ಕಾದೆ. ಬರ್ಲಿಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಒಬ್ಬ ಮನುಷ್ಯನ ಜೀವ ಹೋಗ್ತಾ ಇರುವಾಗ ನೀನು ಕರೆ ಎಣಿಸ್ತಾ ಕೂತಿದ್ದೆಯಾ? ಬುದ್ಧಿ ಉಂಟಾ ನಿನಗೆ?" ಎಂದು ಬೈದುಬಿಟ್ಟೆ. ಠಾಣೆಯ ಹುಡುಗರು ತಿರುಗಿ ನೋಡುವಷ್ಟು ಜೋರಾಗಿ.

ಬೈದದ್ದು ಅವನ ಮೇಲಿನ ಸಿಟ್ಟಿನಿಂದ ಮಾತ್ರ ಅಲ್ಲ. ಹತ್ತು ವರ್ಷದ ಹಿಂದೆ ಪೃಥ್ವಿ ಈ ದೇಶಕ್ಕೆ ಹೊಸಬನಾಗಿ ಬಂದಾಗ ನನ್ನ ಫ್ಲ್ಯಾಟಿನ ಒಂದು ಕೋಣೆಯಲ್ಲಿ ಎರಡು ವರ್ಷ ಇದ್ದ. ದಿನಾ ಕೀ ಮರೆತು ಬಂದು, ಬೆಲ್ ಇದ್ದರೂ ಒತ್ತದೆ, ಬಾಗಿಲಲ್ಲಿ ನಿಂತು "ರಾಜೀವಕ್ಕೋ" ಎಂದು ಎಳೆದು ಕೂಗುತ್ತಿದ್ದ. ನನ್ನ ತಮ್ಮಂದಿರೂ ನನ್ನನ್ನು ಹಾಗೆ ಕರೆದವರಲ್ಲ.

ಹೊರಗೆ ಬಂದ ಮೇಲೆ ನಾಫಿಯಾ ನನ್ನ ಕೈ ಹಿಡಿದುಕೊಂಡಳು. "ಆಂಟಿ, ಇವರು ಹೆರಿಗೆಗೆ ಮೊದಲು ಮನೆಗೆ ಬರ್ತಾರಾ? ಇಲ್ಲಿ ನನಗೆ ಬೇರೆ ಯಾರೂ ಇಲ್ಲ."

ಬರುತ್ತಾನೆ ಎಂದೆ. ಯಾವ ಧೈರ್ಯದಲ್ಲಿ ಹೇಳಿದೆನೋ ನನಗೇ ಗೊತ್ತಿಲ್ಲ.

*

ಮೋಹನದಾಸನ ಮನೆ ಎಲೆಕ್ಟ್ರಾ ಸ್ಟ್ರೀಟಿನ ಹಳೆಯ ಕಟ್ಟಡವೊಂದರ ಏಳನೆಯ ಮಹಡಿಯಲ್ಲಿ. ನಾನು ಲಿಫ್ಟಿನಿಂದ ಹೊರಗೆ ಬಂದಾಗ ಹನ್ನೆರಡೂವರೆ. ಹಗಲಾದರೂ ಆ ಮಹಡಿಯ ಓಣಿಗೆ ಟ್ಯೂಬ್‌ಲೈಟೇ ಗತಿ. ಯಾರದೋ ಮನೆಯಲ್ಲಿ ಮೀನು ಹುರಿಯುವ ವಾಸನೆ. ಪ್ರತಿ ಬಾಗಿಲಲ್ಲೂ ಚಪ್ಪಲಿಗಳ ರಾಶಿ ನೋಡಿದರೆ ಸಾಕು, ಇಲ್ಲಿರುವವರು ನಮ್ಮವರೇ ಎಂದು ತಿಳಿಯುತ್ತದೆ. ಈ ಊರಲ್ಲಿ ಎಷ್ಟು ವರ್ಷವಿದ್ದರೂ ನಮ್ಮ ಜನ ಮೆಟ್ಟಿದ್ದನ್ನು ಹೊಸ್ತಿಲ ಒಳಗೆ ತರುವುದಿಲ್ಲ.

ಬೆಲ್ ಒತ್ತಿ, ನನ್ನ ಚಪ್ಪಲಿ ಬಿಡಲು ಬಗ್ಗಿದೆ.

ಗೋಡೆಗೆ ತಾಗಿಸಿ ಮೂರು ಜೊತೆ ಒಪ್ಪವಾಗಿ ಜೋಡಿಸಿಟ್ಟಿತ್ತು. ಹೆಂಗಸಿನದೊಂದು. ಗಂಡಸಿನ ಕಪ್ಪು ಬೂಟು ಒಂದು. ಮೂರನೆಯದು ಕಂದು ಬಣ್ಣದ ರಬ್ಬರ್ ಚಪ್ಪಲಿ, ತೊಳೆದು ಒಣಗಿಸಿದ್ದು. ಬಲದ ಕಾಲಿನ ಬಾರಿನ ಬುಡದಲ್ಲಿ ಹಸಿರು ನೂಲು.

ಒಂದು, ಎರಡು, ಮೂರು ಹೊಲಿಗೆ.

ಬಗ್ಗಿದವಳಿಗೆ ಏಳಲು ಮರೆತುಹೋಯಿತು. ಫೋನಿಗಾಗಿ ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಬಾಗಿಲು ತೆರೆಯಿತು. ಅವನೆದುರೇ ಫೋಟೋ ತೆಗೆದು ಅವನನ್ನು ಎಚ್ಚರಿಸುವುದೇಕೆ, ಮೊದಲು ಬಾಯಿಬಿಡಿಸೋಣ, ಚಪ್ಪಲಿ ಎಲ್ಲಿಗೆ ಹೋಗುತ್ತದೆ ಎಂದುಕೊಂಡೆ. ನನ್ನ ಜಾಣತನಕ್ಕಿಷ್ಟು ಬೆಂಕಿ ಹಾಕ.

"ಓ ರಾಜೀವಕ್ಕ! ಬಲೆ ಬಲೆ, ಉಲಯಿ ಬಲೆ," ಎಂದು ಮೋಹನದಾಸ್ ತುಳುವಿನಲ್ಲೇ ಒಳಗೆ ಕರೆದ. ಬಿಳಿ ಅಂಗಿ, ಹಣೆಯಲ್ಲಿ ಸಣ್ಣ ಗಂಧದ ಬೊಟ್ಟು. ಇಲ್ಲಿನ ನಮ್ಮ ಜನರ ಯಾವ ಸಮಾರಂಭವಾದರೂ ವೇದಿಕೆಯ ಮುಂದಿನ ಸಾಲಿನಲ್ಲಿ ಕೂರುವ ಮನುಷ್ಯ. "ಎಂತ ಮಾಡುದು ಹೇಳಿ, ನನಗೆ ಎರಡು ದಿನದಿಂದ ಊಟ ಸೇರುದಿಲ್ಲ. ಆ ನಿಝಾಮನನ್ನು ಮನೆ ಮಗನ ಹಾಗೆ ನೋಡ್ಕೊಂಡಿದ್ದೆ."

"ಪೃಥ್ವಿಯ ಕಯಾಕ್ ಸಿಕ್ಕಿತು," ಎಂದೆ, ಕೂರುವ ಮೊದಲೇ.

ಅವನ ಮುಖದಲ್ಲಿ ಏನೂ ಅಲ್ಲಾಡಲಿಲ್ಲ. ಕೈ ಮಾತ್ರ ಹೋಗಿ ಕುರ್ಚಿಯ ಬೆನ್ನು ಹಿಡಿದುಕೊಂಡಿತು. "ಹೌದಾ! ಎಲ್ಲಿ?"

"ಎಡದ ಕವಲಲ್ಲಿ. ಕಟ್ಟಿಟ್ಟಿತ್ತು. ನಮ್ಮ ಊರಿನ ಗಂಟು."

"ಹಾಗಾದ್ರೆ ನಿಝಾಮನೇ. ನಾನು ಪೊಲೀಸರಿಗೆ ಮೊದಲೇ ಹೇಳಿದ್ದೆ."

"ನಿಮ್ಮ ಮನೆಯವರದ್ದೂ ಬೋಟು ಇತ್ತಲ್ವಾ ಮೋಹನದಾಸ್, ಮಲ್ಪೆಯಲ್ಲಿ?"

"ಅದು ಅಪ್ಪನ ಕಾಲದ್ದು." ಅವನು ನಕ್ಕ. "ಅಕ್ಕಾ, ನೀವು ಎಂತ, ನನ್ನನ್ನೇ ಸಂಶಯ ಮಾಡ್ಲಿಕ್ಕೆ ಬಂದದ್ದಾ?"

"ನಾನಿನ್ನೂ ಏನೂ ಹೇಳಲಿಲ್ಲವಲ್ಲ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಈ ಕಸುಬಿನಲ್ಲಿ ಬೇಕಾದಷ್ಟು ಕಂಡಿದ್ದೇನೆ. "ಖೋರ್‌ಗೆ ಬೇಲಿ ಬಂದರೆ ನಿಮ್ಮ ಹೊಸ ರೆಸಾರ್ಟಿನ ಕಥೆ ಏನಾಗ್ತದೆ?"

"ಯಾವ ರೆಸಾರ್ಟ್?"

"ದಡದಲ್ಲಿ ಬೋರ್ಡು ಊರಲಿಕ್ಕೆ ಗುಂಡಿ ತೋಡಿಸಿದ್ದೀರಲ್ಲ, ಅದು. ಪೃಥ್ವಿ ತನ್ನ ನಕ್ಷೆಯನ್ನು ಬರುವ ವಾರ ಕೊಡುವವನಿದ್ದ."

ಅಡುಗೆಮನೆಯಿಂದ ಅವನ ಹೆಂಡತಿ ಶರ್ಮಿಳಾ ಚಾ ತಂದಳು. ಪಾಪದ ಹೆಂಗಸು, ಗಂಡನ ಮಾತಿಗೆ ಎದುರಾಡಿದವಳಲ್ಲ. ನಾನು ಲೋಟ ತೆಗೆದುಕೊಳ್ಳುತ್ತಾ ಸುಮ್ಮನೆ ಕೇಳಿದಂತೆ ಕೇಳಿದೆ.

"ಶರ್ಮಿಳಾ, ಹೊರಗೆ ಚಪ್ಪಲಿ ಎಷ್ಟು ಚಂದ ಜೋಡಿಸಿದ್ದಿ ಮಾರಾಯ್ತಿ. ಆ ಕಂದು ರಬ್ಬರಿನದು ಯಾರದ್ದು?"

"ಇವರದ್ದೇ ಇರ್ಬೇಕು ಅಕ್ಕಾ. ಮಂಗಳವಾರ ಬೆಳಿಗ್ಗೆ ಮೀನು ತರ್ಲಿಕ್ಕೆ ಹೋದವರು ಅದನ್ನೇ ಹಾಕ್ಕೊಂಡು ಬಂದ್ರು. ಮೀನೂ ಇಲ್ಲ ಎಂತದೂ ಇಲ್ಲ, ಬರೀ ಕೆಸರು! ನಾನೇ ತೊಳೆದು ಇಟ್ಟದ್ದು."

"ಒಳಗೆ ಹೋಗು," ಎಂದ ಮೋಹನದಾಸ್.

ಅವಳು ಹೋದಳು. ಬಾಗಿಲ ಪರದೆಯ ಹಿಂದೆ ಅವಳ ಪಾದಗಳು ಮಾತ್ರ ನಿಂತಲ್ಲೇ ನಿಂತಿದ್ದವು.

ನಾನು ಲೋಟ ಕೆಳಗಿಟ್ಟೆ. "ಅದು ಪೃಥ್ವಿಯ ಚಪ್ಪಲಿ."

"ಇರ್ಬಹುದು. ಕಳೆದ ವಾರ ಊಟಕ್ಕೆ ಬಂದಿದ್ದ, ಬಿಟ್ಟು ಹೋಗಿರ್ಬೇಕು."

"ಬರಿಗಾಲಲ್ಲಿ ಹೋದನಾ?"

"ಅಕ್ಕಾ..."

"ಬಾರಿಗೆ ಹಸಿರು ನೂಲಿನ ಹೊಲಿಗೆ ಉಂಟು. ಆ ಬಾರು ಕಿತ್ತದ್ದು ಮಂಗಳವಾರ, ನೀವು ಹೋದ ಮೇಲೆ. ನಿಝಾಮ್ ಹೊಲಿದದ್ದು ಆರು ಗಂಟೆಗೆ. ಹೊಲಿದ ಚಪ್ಪಲಿ ಚಾಪೆ ಮೇಲಿತ್ತು. ಅದು ನಿಮ್ಮ ಕಾಲಿಗೆ ಬರಬೇಕಾದರೆ ನೀವು ತಿರುಗಿ ಅಲ್ಲಿಗೆ ಬಂದಿರಬೇಕು. ಅದನ್ನು ತೆಗೆದರೆ ಚಾಪೆ ಖಾಲಿಯಾಗ್ತದೆ, ಸಂಜೆಯವರೆಗೆ ಯಾರೂ ಹುಡುಕುವುದಿಲ್ಲ ಅಂತ ಗೊತ್ತಿದ್ದದ್ದು ಇಬ್ಬರಿಗೇ. ಒಬ್ಬ ಠಾಣೆಯಲ್ಲಿದ್ದಾನೆ."

ಪರದೆಯ ಕೆಳಗಿನ ಆ ಪಾದಗಳ ಕಡೆ ಅವನು ಒಮ್ಮೆ ತಿರುಗಿ ನೋಡಿದ.

"ಎಲ್ಲ ಸರಿಯಾಗಿ ಮಾಡಿದ್ರಿ ಮೋಹನದಾಸ್. ದಾರಿಯಲ್ಲಿ ಎಲ್ಲಾದರೂ ಎಸೆದಿದ್ದರೆ ಮುಗೀತಿತ್ತು. ಆದರೆ ನಿಮ್ಮ ಬೂಟಿಗೆ ಕೆಸರು, ಕಾಲಿಗೆ ಇದು ಸಿಕ್ಕಿತು, ಹಾಕಿಕೊಂಡು ಮನೆಗೆ ಬಂದಿರಿ. ಬಾಗಿಲಿಗೆ ಬಂದ ಮೇಲೆ ನಮ್ಮವರ ಕಾಲು ತಲೆಯನ್ನು ಕೇಳುವುದಿಲ್ಲ. ಬಿಟ್ಟು ಒಳಗೆ ಬಂದಿರಿ."

ಅವನು ಕುರ್ಚಿಯ ಬೆನ್ನು ಬಿಟ್ಟು ನೆಟ್ಟಗೆ ನಿಂತ. ಆಮೇಲೆ ನಿಧಾನವಾಗಿ ಹೇಳಿದ. "ಒಂದು ಜೊತೆ ಹಳೆ ಚಪ್ಪಲಿ ಹಿಡ್ಕೊಂಡು ಪೊಲೀಸರ ಹತ್ತಿರ ಹೋಗ್ತೀರಾ? ನಗ್ತಾರೆ ಅಕ್ಕಾ."

"ನಗಲಿ. ಮೊದಲು ನಡೀರಿ, ನಿಮ್ಮೆದುರೇ ತೆಗೀತೇನೆ."

ನಾನೇ ಹೋಗಿ ಬಾಗಿಲು ತೆರೆದೆ.

ಹೆಂಗಸಿನ ಚಪ್ಪಲಿ ಇತ್ತು. ಕಪ್ಪು ಬೂಟು ಇತ್ತು. ನನ್ನದಿತ್ತು. ಗೋಡೆಯ ಬದಿಯ ಮೂರನೆಯ ಜಾಗ ಖಾಲಿ.

ಹಿಂದಿನಿಂದ ಮೋಹನದಾಸ್ ಉಸಿರು ಬಿಟ್ಟದ್ದು ಕೇಳಿತು. "ಎಲ್ಲಿ ಅಕ್ಕಾ? ಖಲಾಸ್. ನಿಮ್ಮ ಸಾಕ್ಷಿ ನಡ್ಕೊಂಡು ಹೋಯ್ತಾ?" ಎಂದು ನಗಲು ಶುರುಮಾಡಿದವನು ಅರ್ಧದಲ್ಲೇ ನಿಂತ.

ನಾನೂ ಆಗಲೇ ನೋಡಿದ್ದು.

ಲಿಫ್ಟಿನಿಂದ ಬಾಗಿಲಿನವರೆಗೆ ಟೈಲ್ಸಿನ ಮೇಲೆ ಒದ್ದೆ ಹೆಜ್ಜೆಗಳು. ಬರಿಗಾಲಿನವು. ಐದೂ ಬೆರಳು ಮೂಡಿದ, ಬೂದು ಕೆಸರಿನ ಹೆಜ್ಜೆಗಳು. ಆ ಕೆಸರಿನ ಕೊಳೆತ ಉಪ್ಪು ವಾಸನೆಯನ್ನು ನಾನು ಬೆಳಿಗ್ಗೆಯಷ್ಟೇ ಮೂಗಿನಲ್ಲಿ ಹೊತ್ತು ತಂದಿದ್ದೆ. ಹೆಜ್ಜೆಗಳು ಬಂದು ಚಪ್ಪಲಿಯ ಜಾಗದಲ್ಲಿ ನಿಂತಿದ್ದವು, ಸುಮಾರು ಹೊತ್ತು ನಿಂತಿರಬೇಕು, ಅಲ್ಲಿ ನೀರು ಮಡುಗಟ್ಟಿತ್ತು. ಅಲ್ಲಿಂದ ಓಣಿಯ ಕೊನೆಯ ಮೆಟ್ಟಿಲ ಬಾಗಿಲಿನ ಕಡೆಗೆ ಮತ್ತೆ ಹೆಜ್ಜೆಗಳು. ಅವು ಬರಿಗಾಲಿನವಲ್ಲ. ಚಪ್ಪಲಿ ಮೆಟ್ಟಿದವು.

ನಾವು ಒಳಗೆ ಮಾತಾಡುತ್ತಿದ್ದಾಗ ಬಾಗಿಲ ಈಚೆ ಯಾರೋ ನಿಂತು ಕೇಳಿದ್ದರು.

"ಇಲ್ಲ," ಎಂದ ಮೋಹನದಾಸ್. ಅವನ ಹಣೆಯ ಗಂಧ ಬೆವರಿಗೆ ಕರಗಿ ಇಳಿಯುತ್ತಿತ್ತು. "ಇಲ್ಲ ಇಲ್ಲ. ಅವ ನಡೀಲಿಕ್ಕೆ ಸಾಧ್ಯವೇ ಇಲ್ಲ. ಆ ಕಾಲು... ಅಷ್ಟು ಮುರಿದ ಕಾಲಲ್ಲಿ..."

"ಯಾವ ಕಾಲು ಮೋಹನದಾಸ್?"

ಅವನು ಬಾಯಿಗೆ ಕೈ ಒತ್ತಿ ಹಿಡಿದ. ತಡವಾಗಿತ್ತು. ಒಳಗೆ ಪರದೆಯ ಹಿಂದೆ ಶರ್ಮಿಳಾ ಸಣ್ಣಗೆ ಚೀರಿದಳು. ಅವಳಿಗೂ ಕೇಳಿತ್ತು.

ಈಗ ನನ್ನ ಹತ್ತಿರ ಒಂದು ಮಾತಿತ್ತು, ಒಬ್ಬ ಸಾಕ್ಷಿಯಿದ್ದಳು. ನಾಲ್ಕು ಗಂಟೆಯೊಳಗೆ ಅವಳು ಗಂಡನ ವಿರುದ್ಧ ಬಾಯಿ ಬಿಟ್ಟರೆ ನಿಝಾಮ್ ಮನೆಗೆ ಬರುತ್ತಾನೆ. ಅಥವಾ ಆ ಚಪ್ಪಲಿ ಮೆಟ್ಟಿಕೊಂಡು ಹೋದವನು ಸಿಕ್ಕರೆ. ನಾನು ಮೆಟ್ಟಿಲಿನ ಕಡೆಗೆ ಓಡಿದೆ. ಓಡುತ್ತಾ ಹೆಜ್ಜೆಗಳನ್ನು ನೋಡಿದೆ. ಎಡ, ಬಲ, ಎಡ, ಬಲ, ಎಲ್ಲ ಒಂದೇ ಅಂತರದಲ್ಲಿ. ಕುಂಟಿದ ಗುರುತೇ ಇಲ್ಲ.

ಮೆಟ್ಟಿಲ ಬಾಗಿಲು ಅರ್ಧ ತೆರೆದಿತ್ತು. ಆಚೆ ಕತ್ತಲೆ. ಬಲ್ಬು ಹೋಗಿತ್ತು. ಹಿಡಿಕೆಗೆ ಕೈ ಹಾಕಿದೆ. ಒದ್ದೆಯಾಗಿತ್ತು.

ಆಗ ಕೆಳಗಿನಿಂದ ಆ ಸ್ವರ ಬಂತು. ಕೀ ಮರೆತು ಬಂದವನ ಹಾಗೆ, ಅದೇ ಎಳೆತ, ಅದೇ ರಾಗ.

"ರಾಜೀವಕ್ಕೋ..."

ಒಂದೇ ಸಲ.

ಓ ಎನ್ನಲು ಬಾಯಿ ತೆರೆದೆ. ನನ್ನ ಅಮ್ಮನೂ ನಿಝಾಮನ ಅಜ್ಜಿ ಹೇಳಿದ್ದನ್ನೇ ನನಗೆ ಹೇಳಿದ್ದಳು. ಅದನ್ನು ನಾನು ಯಾರಿಗೂ ಹೇಳಿರಲಿಲ್ಲ. ತೆರೆದ ಬಾಯಿ ಮುಚ್ಚಿದೆ. ನಿನ್ನೆ ಠಾಣೆಯಲ್ಲಿ ನಿಂತು ಆ ಹುಡುಗನನ್ನು ಬೈದ ಬಾಯಿ ಇದೇ.

ನಿಂತೆ. ಎರಡನೆಯ ಕರೆಗೆ ಕಾದೆ.

ಕರೆ ಬರಲಿಲ್ಲ. ಕೆಳಗೆ, ತುಂಬ ಕೆಳಗೆ, ಒದ್ದೆ ಚಪ್ಪಲಿಗಳು ಒಂದೊಂದೇ ಮೆಟ್ಟಿಲು ಇಳಿಯುತ್ತಾ ಹೋದವು.